ಹಿಮಕ್ಕೆ ಬೂಷ್ಟು ಬಂದಿದೆ

20 ಜುಲೈ 2025, ಭಾನುವಾರ
ತೀರ್ಥಹಳ್ಳಿ, ಮನೆ

ಹಿಮ ಹಳದಿಯಾಗಿದೆ.

ಪುಟಾಣಿ ಸೈನಿಕರನ್ನಿಟ್ಟು ಆಡುವ ಯುದ್ಧದಾಟಕ್ಕೆ ಅಂತ ಮಾರ್ಚಿನಲ್ಲಿ ಮಾಡಿಟ್ಟ ಹಲಗೆಗಳು, ಮೇಲೆ ಅಡುಗೆ ಸೋಡಾದ ಹಿಮ. ಎರಡು ಅಡಿಗೆ ಎರಡು ಅಡಿಯ ನಾಲ್ಕು ತುಂಡು. ಇವತ್ತು ಅಟ್ಟದಿಂದ ಇಳಿಸಿ ಪ್ಲಾಸ್ಟಿಕ್ ಬಿಚ್ಚಿದರೆ ಎಲೆಅಡಿಕೆ ಹಾಕುವವರ ಹಲ್ಲಿನ ಬಣ್ಣ. ಒಂದು ಮೂಲೆಯಲ್ಲಿ ಬೂಷ್ಟು ಬೇರೆ. ಅಡುಗೆ ಸೋಡಾ ತೇವ ಎಳೆಯುತ್ತದೆ, ದಿನ ಹೋದಂತೆ ಹಳದಿ ತಿರುಗುತ್ತದೆ ಅಂತ ಈ ಹುಚ್ಚು ಹತ್ತಿದವರೆಲ್ಲ ಹೇಳುತ್ತಲೇ ಇರುತ್ತಾರೆ. ನನಗೂ ಗೊತ್ತಿತ್ತು. ಒಂದೆರಡು ವರ್ಷ ಬಾಳುತ್ತೆ ಬಿಡು ಅಂದುಕೊಂಡಿದ್ದೆ. ಬೆಲ್ಟು, ಚಪ್ಪಲಿ, ದೇವರ ಫೋಟೋದ ಬೆನ್ನು ಯಾವುದನ್ನೂ ಬಿಡದ ಈ ಮಳೆಗಾಲ ಫಿನ್ಲೆಂಡಿನ ಹಿಮವನ್ನು ಮಾತ್ರ ಬಿಡುತ್ತಾ?

ಜೊತೆಗೆ ಆಡುವ ಸಾಗರದವನು ಮುಂದಿನ ತಿಂಗಳು ಬರುತ್ತಾನೆ. ರಾತೆ ರಸ್ತೆಯ ಕಾಳಗ ಆಡೋಣ ಅಂತ ಹಟ ಹಿಡಿದಿದ್ದು ಅವನೇ. 1939ರ ನವೆಂಬರ್ 30ಕ್ಕೆ ಸೋವಿಯತ್ ಸೈನ್ಯ ಫಿನ್ಲೆಂಡಿಗೆ ನುಗ್ಗಿತಲ್ಲ, 105 ದಿನ ನಡೆದ ಆ ಚಳಿಗಾಲದ ಯುದ್ಧ. ಜನವರಿಯಲ್ಲಿ ಸೋವಿಯತ್ತಿನ 44ನೇ ಡಿವಿಜನ್, ಅಂದರೆ ಸಾವಿರಾರು ಸೈನಿಕರ ದಳ, ರಾತೆ ಅನ್ನುವ ಒಂದೇ ಒಂದು ಕಾಡು ರಸ್ತೆಯ ಮೇಲೆ ಉದ್ದಕ್ಕೆ ಸಿಕ್ಕಿಹಾಕಿಕೊಂಡಿತು. ಎರಡೂ ಕಡೆ ಕಾಡು, ಮೈನಸ್ 40ರ ಹತ್ತಿರದ ಚಳಿ. ಬಿಳಿ ಬಟ್ಟೆ ಹೊದ್ದು ಸ್ಕೀ ಮೇಲೆ ಬಂದ ಫಿನ್ನರು ಅದನ್ನು ತುಂಡು ತುಂಡು ಮಾಡಿದರು. ಹಾಗೆ ಸುತ್ತುವರಿದ ಒಂದೊಂದು ತುಂಡಿಗೆ ಅವರು ಹೇಳುವುದು ಮೊತ್ತಿ. ಕಡಿದು ಅಳತೆಗೆ ಒಟ್ಟಿಟ್ಟ ಸೌದೆಗೂ ಅವರಲ್ಲಿ ಅದೇ ಮಾತು. ಮೊದಲ ಸಲ ಓದಿದಾಗ ನಮ್ಮ ಸೌದೆ ಕೊಟ್ಟಿಗೆ ಕಡೆ ಒಂದು ಸಲ ತಿರುಗಿ ನೋಡಿದ್ದೆ. ಈಗಲೂ ಅದರ ಬಾಗಿಲು ತೆಗೆದಾಗ ಆ ರಸ್ತೆ ನೆನಪಾಗುತ್ತದೆ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಹಲಗೆಯ ಮೇಲಿಡುವ ಮರಗಳು ಚೆನ್ನಾಗಿಯೇ ಇವೆ. ಕಟ್ಟುವ ತಂತಿ ಎರಡು ಎಳೆ, ನಡುವೆ ತೆಂಗಿನ ನಾರು, ಒಂದು ತುದಿ ಡ್ರಿಲ್ ಮಷೀನಿಗೆ ಸಿಕ್ಕಿಸಿ ತಿರುಗಿಸಿದರೆ ಬಾಟಲಿ ತೊಳೆಯುವ ಬ್ರಷ್ಷಿನಂತೆ ಸುತ್ತಿಕೊಳ್ಳುತ್ತದೆ. ಕತ್ತರಿಯಲ್ಲಿ ಮೇಲೆ ಚೂಪು, ಕೆಳಗೆ ಅಗಲ. ಕಪ್ಪು ಹಸಿರು ಬಣ್ಣ. ನಲವತ್ತು ಮಾಡಿದ್ದೆ, ಒಂದಕ್ಕೂ ಏನೂ ಆಗಿಲ್ಲ. ನಾರು ನಮ್ಮೂರಿನದು, ಮಳೆ ಅದಕ್ಕೆ ಹೊಸದಲ್ಲ.

ಹಲಗೆಯ ಸೋಡಾವನ್ನೆಲ್ಲ ಕೆರೆದು ತೆಗೆದೆ. ಅಡಿಯ ಥರ್ಮಾಕೋಲ್ ಗಟ್ಟಿಯಾಗಿದೆ, ಹಳೇ ಫ್ರಿಜ್ಜಿನ ಡಬ್ಬದ್ದು. (ಮೊದಲ ವರ್ಷ ಅದರ ಮೇಲೆ ನೇರವಾಗಿ ಸ್ಪ್ರೇ ಪೇಂಟ್ ಹೊಡೆದು, ಗುಡ್ಡವೆಲ್ಲ ಕಣ್ಣೆದುರೇ ಕರಗಿ ಹೋಗಿತ್ತು. ಈಗ ಮೊದಲು ವಾಲ್ ಪುಟ್ಟಿ, ಆಮೇಲೆ ಬಣ್ಣ.) ಹೊಸ ಹಿಮಕ್ಕೆ ಏನು ಹಾಕಲಿ ಅಂತ ಯೋಚಿಸುತ್ತಾ ಅಡುಗೆಮನೆಗೆ ಹೋದರೆ ಅಮ್ಮ ಸೋಡಾ ಡಬ್ಬಿಯನ್ನು ಎತ್ತಿ ಮೇಲಿಟ್ಟಳು. ಕೇಳುವ ಮೊದಲೇ. ಕಣ್ಣಿಗೆ ಬಿದ್ದದ್ದು ರಂಗೋಲಿ ಪುಡಿ, ಭೀಮನ ಅಮಾವಾಸ್ಯೆಗೆ ಅಂತ ತಂದಿಟ್ಟಿದ್ದು. ಕಲ್ಲಿನ ಪುಡಿ ಅದು, ಸೋಡಾದ ಹಾಗೆ ತೇವಕ್ಕೆ ಮೆತ್ತಗಾಗುವುದಿಲ್ಲ. ಇಷ್ಟು ವರ್ಷ ಬಾಗಿಲಲ್ಲೇ ಬಿದ್ದಿತ್ತು ಹಿಮ!

ಎರಡು ಚಮಚ ಫೆವಿಕಾಲ್, ಒಂದು ಚಮಚ ಬಿಳಿ ಅಕ್ರಿಲಿಕ್, ಪುಡಿ ಎಷ್ಟು ಹಿಡಿಯುತ್ತೋ ಅಷ್ಟು. ಇಡ್ಲಿ ಹಿಟ್ಟಿನ ಹದ. ಬಳಿದ ಮೇಲೆ ಅದು ಹಸಿಯಿರುವಾಗಲೇ ಟೀ ಸೋಸುವ ಜರಡಿಯಿಂದ ಒಣ ಪುಡಿ ಉದುರಿಸಬೇಕು, ಆಗ ಹೊಳಪು ಹೋಗಿ ಆಗಷ್ಟೇ ಬಿದ್ದ ಹಾಗೆ ಕಾಣುತ್ತದೆ. ಆದರೆ ಅಂಟಿನಲ್ಲಿ ನೆನೆದ ಪುಡಿ ಸ್ವಲ್ಪ ಬೂದಿ ಬಣ್ಣಕ್ಕೆ ಬಂತು. ಅಮ್ಮ ಬಾಗಿಲಲ್ಲಿ ನಿಂತು ನೋಡಿ, "ಸುಣ್ಣಕ್ಕೆ ನೀಲಿ ಹಾಕ್ತಿದ್ವಲ, ಹಂಗೆ ಎರಡು ಹನಿ ಬಿಡು" ಅಂದಳು. ಬಟ್ಟೆಗೆ ಹಾಕುವ ಉಜಾಲಾ. ಎರಡೇ ಹನಿ. ಬೆಳ್ಳಗಾಗಿ ಹೋಯಿತು. ನನ್ನ ಇಷ್ಟು ದಿನದ ಓದೆಲ್ಲ ಅವಳ ಎರಡು ಹನಿಗೆ ಸಮ ಆಗಲಿಲ್ಲ ಅಂತ ಸ್ವಲ್ಪ ಬೇಜಾರೇ ಆಯಿತು. ಜರಡಿ ಯಾವುದು ಅಂತ ಅವಳಿಗೆ ಇನ್ನೂ ಗೊತ್ತಾಗಿಲ್ಲ.

ಒಣಗಿಸುವುದು ಎಲ್ಲಿ? ಬಿಸಿಲಿಲ್ಲದೆ ಎಂಟು ದಿನವಾಯಿತು. ಬಚ್ಚಲ ಒಲೆಯ ಪಕ್ಕ ಒದ್ದೆ ಬಟ್ಟೆಗಳ ಸಾಲಿನ ಕೆಳಗೆ ಇಟ್ಟೆ. ಅಲ್ಲೇ ಚಿಕ್ಕಪ್ಪ ನೋಡಿದ್ದು.

ಚಿಕ್ಕಪ್ಪ ಬಂದಿದ್ದು ಔಷಧಿ ಹೊಡೆಯುವವರ ವಿಚಾರಕ್ಕೆ. ಅಡಿಕೆ ತೋಟಕ್ಕೆ ಎರಡನೇ ಸಲದ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ಔಷಧಿ) ಆಗಬೇಕು, ಮಳೆ ಬಿಡುವು ಕೊಡುತ್ತಿಲ್ಲ, ಕೊಳೆರೋಗ ಶುರುವಾದರೆ ಈ ವರ್ಷದ ಫಸಲು ಅಷ್ಟೇ. ಅಪ್ಪನ ಹತ್ತಿರ ಅದೇ ಮಾತಾಡಿ ಕಾಲು ತೊಳೆಯಲು ಬಚ್ಚಲಿಗೆ ಹೋದವರು ಹೊರಗೇ ಬರಲಿಲ್ಲ. ಹೋಗಿ ನೋಡಿದರೆ ಹಲಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಚೆನ್ನಾಗಿ ಕಾಣಲಿ ಅಂತ ನಾನು ಅದರ ಮೇಲೆ ಒಂದಿಷ್ಟು ಸೈನಿಕರನ್ನು ನಿಲ್ಲಿಸಿದ್ದೆ. ಒಂದು ಇಂಚೂ ಇಲ್ಲದ ಪ್ಲಾಸ್ಟಿಕ್ ಸೈನಿಕರು.

"ಎಂತದಾ ಇದು?"

"ಹಿಮ, ಚಿಕ್ಕಪ್ಪ. ಆಟಕ್ಕೆ."

"ಹಿಮ ಅಂತ ಗೊತ್ತಾತು ಮಾರಾಯ."

ಗೊತ್ತಾಗದೆ ಏನು. ಸೇನೆಯಲ್ಲಿದ್ದಾಗ ಒಂದು ಚಳಿಗಾಲ ಪೂರ್ತಿ ಸಿಯಾಚಿನ್‌ನಲ್ಲಿ ಇದ್ದವರು. ನಾವು ಚಿಕ್ಕವರಿದ್ದಾಗ ಅವರು ಜಗಲಿಯಲ್ಲಿ ಮಲಗಿದರೆ ಎಡಗಾಲಿನ ಬೆರಳು ಎಣಿಸಿ ಓಡಿಹೋಗುತ್ತಿದ್ದೆವು. ಮೂರು. ಅವರು ಅದರ ಬಗ್ಗೆ ಮಾತಾಡಿದ್ದಿಲ್ಲ, ನಾವು ಕೇಳಿದ್ದೂ ಇಲ್ಲ. ನಾನು ಇಂಥ ಹಲಗೆಗಳನ್ನು ಇಷ್ಟು ವರ್ಷ ಅವರ ಕಣ್ಣಿಗೆ ಬೀಳದ ಹಾಗೆ ಅಟ್ಟದಲ್ಲಿಟ್ಟಿದ್ದು ಬೂಷ್ಟಿನ ಭಯಕ್ಕೆ ಅಲ್ಲ.

ಬಣ್ಣ ಸರಿಯಿಲ್ಲ ಅನ್ನಬಹುದು, ಬೈಯಬಹುದು, ಇದೆಲ್ಲ ಆಡುವ ವಿಷಯವಾ ಅನ್ನಬಹುದು ಅಂತ ಕಾದೆ. ಅವರು ಬೆರಳಲ್ಲಿ ಒಬ್ಬ ಸೈನಿಕನ ಹಿಂದೆ ತೋರಿಸಿ ಕೇಳಿದ್ದು, "ಇವ ಎಲ್ಲಿಂದ ಬಂದ?"

ನಾನು ಸೋವಿಯತ್, ಫಿನ್ಲೆಂಡ್ ಅಂತ ಶುರು ಮಾಡಿದೆ.

"ಅದಲ್ಲ. ಹೆಜ್ಜೆ ಎಲ್ಲಿ? ಇಷ್ಟು ಹಿಮದ ನಡುವೆ ನಿಂತಾನೆ, ಹಿಂದೆ ಒಂದು ಹೆಜ್ಜೆ ಇಲ್ಲ. ಮೇಲಿಂದ ಬಿದ್ನಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ನಗಲೂ ಇಲ್ಲ. ಒಬ್ಬೊಬ್ಬರನ್ನೇ ಎತ್ತಿ ಒಂದೇ ಸಾಲಿನಲ್ಲಿ ಇಟ್ಟರು. "ಹಿಂಗೆ ಹರಡಿಕೊಂಡು ಯಾರೂ ನಡೆಯಲ್ಲ. ಎಲ್ಲರ ಸೊಂಟಕ್ಕೂ ಒಂದೇ ಹಗ್ಗ. ಮುಂದಿನವ ಎಲ್ಲಿ ಕಾಲಿಟ್ನೋ ಅಲ್ಲೇ ಇಡಬೇಕು. ಬಿರುಕಿನ ಮೇಲೆ ಹಿಮ ಮುಚ್ಚಿರ್ತದೆ, ಕಾಣಲ್ಲ. ಗಾಳಿ ಬಂದ್ರೆ ಹೆಜ್ಜೆನೂ ಹೋಗ್ತದೆ. ಆಗ..." ಅಂದರು. ಅಷ್ಟರಲ್ಲಿ ಅಮ್ಮ ಕಾಫಿಗೆ ಕರೆದಳು, ಅವರು ಮೊಣಕಾಲು ಹಿಡಿದು ಎದ್ದು ಹೋದರು. ಕಾಫಿ ಕುಡಿಯುವಾಗ ಮೈಲುತುತ್ತದ ರೇಟಿನ ಮಾತೇ ಮತ್ತೆ.

ಆಗ ಏನು ಅಂತ ಕೇಳಬೇಕಿತ್ತು. ಕೇಳಲಿಲ್ಲ.

ಆಗಿನಿಂದ ಇದೇ ತಲೆಯಲ್ಲಿ ಕೊರೆಯುತ್ತಿದೆ. ಹಲಗೆಯ ಮೇಲೆ ಹೆಜ್ಜೆ ಒತ್ತಿಬಿಟ್ಟರೆ ಅದು ಗಾಜಿನ ಪೆಟ್ಟಿಗೆಯ ಗೊಂಬೆ ಆಗುತ್ತದೆ, ಆಟ ಅಲ್ಲ. ಆಟದಲ್ಲಿ ಸೈನಿಕ ಎಲ್ಲಿಗೆ ಬೇಕಾದರೂ ಹೋಗುತ್ತಾನೆ, ಒತ್ತಿದ ಹೆಜ್ಜೆ ಅಲ್ಲೇ ಉಳಿಯುತ್ತದೆ. ಒತ್ತದಿದ್ದರೆ ಚಿಕ್ಕಪ್ಪ ಹೇಳಿದ ಹಾಗೆ ಎಲ್ಲರೂ ಮೇಲಿಂದ ಬಿದ್ದವರೇ. ಈಗ ಒಂದು ದಾರಿ ಹೊಳೆದಿದೆ. ಸೈನಿಕ ನಿಲ್ಲುವ ತಳಕ್ಕೂ ಅದೇ ಹಿಮ ಬಳಿದು, ಅವನ ಹಿಮ್ಮಡಿಯ ಹಿಂದೆ ಎರಡು ಹೆಜ್ಜೆ ಒತ್ತುವುದು. ಆಗ ಎಲ್ಲಿಗೆ ಹೋದರೂ ಹೆಜ್ಜೆ ಅವನ ಜೊತೆಗೇ ಹೋಗುತ್ತದೆ. ಬೆಂಕಿಕಡ್ಡಿಯ ತುದಿ ಕೊಯ್ದು ಒತ್ತಿ ನೋಡಿದೆ, ಬೂಟಿನ ಗುರುತಿನ ಹಾಗೇ ಬಂತು. ಹನ್ನೊಂದು ಜನಕ್ಕೆ ಆಗಿತ್ತು, ಕರೆಂಟು ಹೋಯಿತು.

ಮೊಬೈಲ್ ಬೆಳಕಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಉಳಿದವರು ಫಿನ್ನರು, ಅವರು ಸ್ಕೀ ಮೇಲಲ್ವಾ, ಅವರಿಗೆ ಹೆಜ್ಜೆಯಲ್ಲ, ಎರಡು ಗೆರೆ. ಪೊರಕೆ ಕಡ್ಡಿ ಸಾಕಾಗಬಹುದು, ಆದರೆ ಅಂಟು ಪೂರ್ತಿ ಒಣಗುವ ಮೊದಲೇ ಎಳೆಯಬೇಕು, ಈ ಥಂಡಿಯಲ್ಲಿ ಅದು ಯಾವಾಗ ಒಣಗುತ್ತೆ ಅನ್ನೋದೇ