ವಿಶ್ವ ಎಲ್ಲಿ ಊಟ ಮಾಡಿದ?

ಜೂನ್ 19 ನಮ್ಮಲ್ಲಿ ವಾಚನ ದಿನ. ಕೇರಳದ ಹಳ್ಳಿಹಳ್ಳಿಗೆ ಗ್ರಂಥಾಲಯ ಬರಲಿ ಎಂದು ಜೀವಮಾನ ಓಡಾಡಿದ ಪಿ.ಎನ್. ಪಣಿಕ್ಕರ್ 1995ರಲ್ಲಿ ತೀರಿಕೊಂಡ ದಿನ ಅದು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲೂ ಅಂದು ಮಕ್ಕಳು ಓದಿದ ಪುಸ್ತಕದ ಬಗ್ಗೆ ನಾಲ್ಕು ಮಾತು ಹೇಳುತ್ತಾರೆ. ನಾನು ಬದಿಯಡ್ಕದ ಆಚೆ ಒಂದು ಶಾಲೆಯಲ್ಲಿ ಕನ್ನಡ ಟೀಚರ್. ಕಳೆದ ಜೂನ್‌ನಲ್ಲಿ ಆ ದಿನ ಬೆಳಗ್ಗಿನಿಂದಲೇ ಜೋರು ಮಳೆ. ಅಂಗಳದಲ್ಲಿ ಅಸೆಂಬ್ಲಿ ಮಾಡುವ ಹಾಗೇ ಇರಲಿಲ್ಲ. ಕರೆಂಟೂ ಹೋಗಿತ್ತು. ಆಯಾ ಕ್ಲಾಸಿನಲ್ಲೇ ಕಾರ್ಯಕ್ರಮ ಮಾಡಿ ಎಂದರು ಹೆಡ್‌ಮಾಸ್ಟ್ರು.

ನನ್ನ ಪಾಲಿಗೆ ಎಂಟನೇ ಕ್ಲಾಸು ಬಂತು. ಇಬ್ಬರು ಹುಡುಗಿಯರು ಕಯ್ಯಾರ ಕಿಞ್ಞಣ್ಣ ರೈಗಳ ಬಗ್ಗೆ ಬರೆದು ತಂದಿದ್ದರು, ಓದಿದರು. ಒಬ್ಬ ಮಂಜೇಶ್ವರ ಗೋವಿಂದ ಪೈಗಳ ಬಗ್ಗೆ ಬಾಯಿಪಾಠ ಮಾಡಿದ್ದ. ಅರ್ಧದಲ್ಲಿ ಮರೆತುಹೋಗಿ ಕೂತ. ಅಲ್ಲಿಗೆ ತಯಾರಾಗಿ ಬಂದವರು ಮುಗಿದರು. ಇನ್ನೂ ಒಂದು ಪೀರಿಯಡ್ ಬಾಕಿ ಇತ್ತು. "ಟೀಚರ್, ಕತೆ ಹೇಳಿ" ಎಂದರು ಮಕ್ಕಳು.

ಹಿಂದಿನ ಬೆಂಚಿನ ಮೂಲೆಯಲ್ಲಿ ಆ ಹುಡುಗ ಕೂತಿದ್ದ. ಶಾಲೆಗೆ ಸೇರಿ ಮೂರು ವಾರವೂ ಆಗಿರಲಿಲ್ಲ. ಹುಟ್ಟಿ ಬೆಳೆದದ್ದು ಬೆಂಗಳೂರು. ಅಪ್ಪ ಅಲ್ಲಿ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದರಂತೆ, ಚಳಿಗಾಲದಲ್ಲಿ ತೀರಿಕೊಂಡರು. ಅಮ್ಮ ಮಗನನ್ನು ಕರೆದುಕೊಂಡು ತವರಿಗೆ ಬಂದರು. ಉಳಿದ ಮಕ್ಕಳು ತಮ್ಮ ತಮ್ಮಲ್ಲೇ ತುಳುವಿನಲ್ಲೋ ಮಲಯಾಳದಲ್ಲೋ ಮಾತಾಡಿಕೊಳ್ಳುತ್ತಾರೆ. ಅವನಿಗೆ ಎರಡೂ ಬರುವುದಿಲ್ಲ. ನನ್ನನ್ನು ಅವನು 'ಮಿಸ್' ಎಂದು ಕರೆಯುತ್ತಿದ್ದ. ನಮ್ಮ ಕಡೆ ಎಲ್ಲರೂ 'ಟೀಚರ್' ಅನ್ನುವುದು. ಅವನು ಮಿಸ್ ಅಂದಾಗಲೆಲ್ಲ ಮುಂದಿನ ಬೆಂಚಿನವರು ತಿರುಗಿ ನೋಡಿ ನಗುತ್ತಿದ್ದರು. ಹಾಗಾಗಿ ಅವನು ಕರೆಯುವುದನ್ನೇ ಬಿಟ್ಟಿದ್ದ.

ಏನು ಕತೆ ಹೇಳಲಿ ಎಂದು ಯೋಚಿಸುವಾಗ ನನಗೆ ನೆನಪಾದದ್ದು ನನ್ನದೇ ಒಂದು ಮಳೆಗಾಲ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪ ಹೋದರು. ಅಲ್ಲಿಯವರೆಗೆ ನಮ್ಮ ಮನೆ ಇದ್ದದ್ದು ಸುಳ್ಯದ ಕಡೆ. ಆಮೇಲೆ ಅಮ್ಮ, ನಾನು, ತಮ್ಮ ಮೂವರೂ ಕುಂಬಳೆ ಹತ್ತಿರದ ಅಜ್ಜನ ಮನೆಗೆ ಬಂದೆವು. ಬಂದ ನೆಂಟರೆಲ್ಲ ನನ್ನ ತಲೆ ಸವರಿ, "ಇನ್ನು ಅಮ್ಮನನ್ನು ನೀನೇ ನೋಡಿಕೊಳ್ಳಬೇಕು ಮಗಾ" ಎಂದರು. ವಿಧಿ ಅಂದರು, ದೇವರಿಗೂ ಒಳ್ಳೆಯವರೇ ಬೇಕು ಅಂದರು. ನನಗೆ ಬೇಕಾಗಿದ್ದ ಉತ್ತರ ಅದಲ್ಲ. ರಾತ್ರಿ ನಾನು ಯಾರ ಪಕ್ಕ ಮಲಗುವುದು? ಅಪ್ಪನ ಸೈಕಲ್ ಏನಾಯಿತು? ಊಟಕ್ಕೆ ಕೂತಾಗ ಎರಡನೇ ಸಲ ಅನ್ನ ಕೇಳಬಹುದಾ? ಇಂಥವನ್ನು ಯಾರ ಹತ್ತಿರ ಕೇಳುವುದು? ಅತ್ತೆ ಕೆಟ್ಟವರೇನಲ್ಲ. ಆದರೂ ಆರು ತಿಂಗಳು ನಾನು ಎರಡನೇ ಸಲ ಅನ್ನ ಕೇಳಲಿಲ್ಲ.

ಎರಡು ವರ್ಷದ ಮೇಲೆ ಎಸ್.ಎಲ್. ಭೈರಪ್ಪನವರ 'ಗೃಹಭಂಗ' ಕೈಗೆ ಸಿಕ್ಕಿತು. 1970ರ ಕಾದಂಬರಿ. ಊರು ಬೇರೆ, ಕಾಲ ಬೇರೆ, ಆಡುವ ಕನ್ನಡವೂ ಬೇರೆ. ಆದರೂ ನಂಜಮ್ಮ ನಮ್ಮ ಅಮ್ಮನ ಹಾಗೇ ಕಂಡಳು. ಗಂಡ ಮಾಡಬೇಕಾದ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು ಸಂಸಾರ ಎಳೆಯುವವಳು. ಪ್ಲೇಗು ಬಂದು ಅವಳ ಮಕ್ಕಳು ಪಾರ್ವತಿ, ರಾಮಣ್ಣ ಹೋಗುತ್ತಾರೆ. ಆಮೇಲೆ ಅವಳೂ ಹೋಗುತ್ತಾಳೆ. ಆ ಪುಟ ಬಂದಾಗ ನಾನು ಪುಸ್ತಕ ಮುಚ್ಚಿ ಅಟ್ಟದ ಮೇಲೆ ಇಟ್ಟುಬಿಟ್ಟೆ. ಎರಡು ವಾರ ಆ ಕಡೆ ಹೋಗಲಿಲ್ಲ. ಮತ್ತೆ ತೆಗೆದದ್ದು ವಿಶ್ವನಿಗೋಸ್ಕರ. ನಂಜಮ್ಮನ ಕೊನೇ ಮಗ ಅವನು. ಅಮ್ಮ ಇಲ್ಲದ ಆ ಹುಡುಗ ನಾಳೆ ಎಲ್ಲಿ ಊಟ ಮಾಡುತ್ತಾನೆ? ನನಗೆ ಅದೊಂದು ಗೊತ್ತಾಗಬೇಕಿತ್ತು. ಭೈರಪ್ಪನವರು ಸ್ವತಃ ಎಳೆಯ ವಯಸ್ಸಿನಲ್ಲೇ ತಾಯಿಯನ್ನು ಕಳೆದುಕೊಂಡವರು ಎಂಬುದು ತಿಳಿದದ್ದು ಆಮೇಲೆ. ತಿಳಿದಾಗ ಆಶ್ಚರ್ಯ ಆಗಲಿಲ್ಲ. ಊಟದ ತಟ್ಟೆಯ ಮುಂದೆ ಕೂತ ಮಗುವಿನ ಮನಸ್ಸು ಅವರಿಗೆ ಅಷ್ಟು ಚೆನ್ನಾಗಿ ಗೊತ್ತಿತ್ತು.

ಆವತ್ತು ಕ್ಲಾಸಿನಲ್ಲಿ ವಿಶ್ವನ ಕತೆ ಹೇಳಲು ನನಗೆ ಧೈರ್ಯ ಬರಲಿಲ್ಲ. ಸಾವಿನ ಮೇಲೆ ಸಾವು. ಮೂಲೆಯಲ್ಲಿ ಕೂತವನನ್ನು ನೋಡಿಕೊಂಡು ಹೇಗೆ ಹೇಳುವುದು? ಅದಕ್ಕೆ ಅಪ್ಪುಣ್ಣಿಯ ಕತೆ ಶುರು ಮಾಡಿದೆ.

ಅಪ್ಪುಣ್ಣಿ ಎಂ.ಟಿ. ವಾಸುದೇವನ್ ನಾಯರ್ ಅವರ 'ನಾಲುಕೆಟ್ಟು' ಕಾದಂಬರಿಯ ಹುಡುಗ. 1958ರಲ್ಲಿ ಬಂದ ಪುಸ್ತಕ. ನಾನು ಅದನ್ನು ಮಲಯಾಳದಲ್ಲೇ ಓದಿದ್ದು, ಒಂದೊಂದೇ ಅಕ್ಷರ ಕೂಡಿಸಿಕೊಂಡು. 2024ರ ಡಿಸೆಂಬರ್ 25ರಂದು ಎಂ.ಟಿ. ತೀರಿಕೊಂಡ ಸುದ್ದಿ ಬಂದ ವಾರ ಮತ್ತೊಮ್ಮೆ ಓದಿದ್ದೆ. ಹಾಗಾಗಿ ಕತೆ ಬಾಯಲ್ಲೇ ಇತ್ತು. ಅಪ್ಪುಣ್ಣಿಗೆ ಅಪ್ಪ ಇಲ್ಲ. ಅಮ್ಮ ಪಾರುಕುಟ್ಟಿ ಮನೆಯವರ ಮಾತು ಮೀರಿ ಮದುವೆಯಾದವಳು, ತರವಾಡು ಮನೆಯ, ಅಂದರೆ ತಾಯಿ ಕಡೆಯ ಕುಟುಂಬದ ಮೂಲ ಮನೆಯ, ಬಾಗಿಲು ಅವಳಿಗೆ ಮುಚ್ಚಿದೆ. ಬೇರೆಯವರ ಮನೆ ಕೆಲಸ ಮಾಡಿ ಮಗನನ್ನು ಸಾಕುತ್ತಾಳೆ. ಹುಡುಗನಿಗೆ ಒಂದೇ ಆಸೆ. ನಡುವೆ ಅಂಗಳ, ಸುತ್ತ ನಾಲ್ಕು ಕಟ್ಟು ಇರುವ ಆ ದೊಡ್ಡ ನಾಲುಕೆಟ್ಟು ಮನೆ ತನ್ನದೂ ಆಗಬೇಕು. ಒಂದು ಸಲ ಅಲ್ಲಿ ನಾಗನ ಕಾರ್ಯ ನಡೆಯುವಾಗ ಹೋಗುತ್ತಾನೆ. ದೊಡ್ಡ ಮಾವ ಗದರಿಸಿ ಹೊರಗೆ ಅಟ್ಟುತ್ತಾನೆ.

ಇಷ್ಟು ಹೇಳುವಾಗ ಕ್ಲಾಸು ಸದ್ದಿಲ್ಲದೆ ಕೂತಿತ್ತು. ತರವಾಡು ಅಂದರೆ ಏನು ಎಂದು ಇಲ್ಲಿಯ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಪ್ಪುಣ್ಣಿ ಮುಂದೆ ಅಮ್ಮನ ಮೇಲೆಯೇ ಸಿಟ್ಟು ಮಾಡಿಕೊಂಡು ಮನೆ ಬಿಡುತ್ತಾನೆ. ಅವಳಿಗೆ ಕಷ್ಟದಲ್ಲಿ ಆಸರೆಯಾದ ಶಂಕರನ್ ನಾಯರ್ ಬಗ್ಗೆ ಊರು ಏನೇನೋ ಮಾತಾಡುತ್ತದೆ, ಅದನ್ನು ನಂಬುತ್ತಾನೆ. ಅಪ್ಪನಿಗೆ ವಿಷ ಹಾಕಿದವನು ಎಂದು ಜನ ಹೇಳುವ ಸೈದಾಲಿಕುಟ್ಟಿಯ ಮೇಲೆ ಚಿಕ್ಕಂದಿನಿಂದ ದ್ವೇಷ ಸಾಕಿಕೊಂಡಿರುತ್ತಾನೆ. ಕಡೆಗೆ ವಯನಾಡಿನ ಎಸ್ಟೇಟಿನಲ್ಲಿ ಅವನಿಗೆ ಕೆಲಸ ಸಿಗುವುದು ಅದೇ ಸೈದಾಲಿಕುಟ್ಟಿಯಿಂದ. ನಾಲುಕೆಟ್ಟಿನಲ್ಲಿ ನನಗೆ ಬಹಳ ಇಷ್ಟವಾದ ಜಾಗ ಇದು. ಅಪ್ಪ ಇಲ್ಲದ ಹುಡುಗ ಯಾರನ್ನಾದರೂ ದ್ವೇಷಿಸದೆ ಇರಲಾರ. ನಾನೂ ಅಪ್ಪನಿಗೆ ಮದ್ದು ಕೊಟ್ಟ ಡಾಕ್ಟರನ್ನು ವರ್ಷಗಟ್ಟಲೆ ಬೈದುಕೊಂಡಿದ್ದೆ, ಪಾಪ, ಅವರದ್ದೇನೂ ತಪ್ಪಿರಲಿಲ್ಲ. ಎಂ.ಟಿ. ಆ ಹುಡುಗನಿಗೆ ಬುದ್ಧಿ ಹೇಳಲು ಹೋಗುವುದಿಲ್ಲ. ಸಿಟ್ಟು ತಾನಾಗಿ ಇಳಿಯುವವರೆಗೆ ಅವನ ಜೊತೆ ನಡೆಯುತ್ತಾರೆ.

ಅಪ್ಪುಣ್ಣಿ ದುಡಿದು, ದುಡ್ಡು ಕೂಡಿಸಿ, ಅದೇ ನಾಲುಕೆಟ್ಟನ್ನು ಕೊಳ್ಳುತ್ತಾನೆ. ಅಮ್ಮನನ್ನು ಕರೆತರುತ್ತಾನೆ. ಆಮೇಲೆ ಈ ಮನೆ ಕೆಡವಿಸಬೇಕು, ಗಾಳಿ ಬೆಳಕು ಬರುವ ಸಣ್ಣ ಮನೆ ಸಾಕು ಎನ್ನುತ್ತಾನೆ.

"ಮಿಸ್."

ಮೂಲೆಯಿಂದ ಬಂದ ದನಿ. ಯಾರೂ ನಗಲಿಲ್ಲ.

"ಅಷ್ಟು ಆಸೆಪಟ್ಟು ತಗೊಂಡ ಮನೇನ ಯಾಕೆ ಕೆಡವಬೇಕು ಮಿಸ್?"

ನನ್ನ ಹತ್ತಿರ ಒಂದು ಉತ್ತರ ಇತ್ತು. ಡಿಗ್ರಿಯಲ್ಲಿ ಕಲಿತದ್ದು, ಹಳೆಯ ವ್ಯವಸ್ಥೆ, ಹೊಸ ಕಾಲ ಅಂತೆಲ್ಲ. ಅದು ತಪ್ಪು ಉತ್ತರವೂ ಅಲ್ಲ. ಆದರೆ ಅವನ ಮುಖ ನೋಡಿ ಹೇಳಲು ಮನಸ್ಸು ಬರಲಿಲ್ಲ. "ನಿನಗೆ ಎಂತ ಅನಿಸ್ತದೆ?" ಎಂದು ಕೇಳಿದೆ.

ಅವನು ಸ್ವಲ್ಪ ಹೊತ್ತು ಡೆಸ್ಕನ್ನು ಉಗುರಿನಿಂದ ಕೆರೆಯುತ್ತಾ ಕೂತ. "ಅಲ್ಲಿ ಅವನಿಗೆ ಬೈದಿದ್ದು ನೆನಪಾಗುತ್ತೆ ಅನ್ಸುತ್ತೆ. ಆದ್ರೂ ನಾನಾಗಿದ್ರೆ ಕೆಡವ್ತಿರ್ಲಿಲ್ಲ. ಒಂದು ರೂಮಾದ್ರೂ ಇಟ್ಕೋತಿದ್ದೆ."

ಮುಂದಿನ ಬೆಂಚಿನ ಹುಡುಗಿ ತಿರುಗಿ, "ಕತ್ತಲೆ ರೂಮು ಎಂತಕ್ಕೆ ಮಾರಾಯ?" ಎಂದಳು. ಅವನು, "ಕಿಟಕಿ ಒಡೆಸ್ಬಹುದಲ್ವಾ" ಎಂದ. ಆಮೇಲೆ ಇಡೀ ಕ್ಲಾಸು ಎರಡು ಪಕ್ಷವಾಯಿತು. ಕೆಡವಬೇಕು, ಕೆಡವಬಾರದು. ಬೆಲ್ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ. ಇಷ್ಟು ವರ್ಷ ಪಾಠ ಮಾಡಿದ್ದೇನೆ, ಒಂದು ಕಾದಂಬರಿಯ ಕೊನೆಯ ಪುಟಕ್ಕಾಗಿ ಎಂಟನೇ ಕ್ಲಾಸಿನ ಮಕ್ಕಳು ಹೀಗೆ ವಾದ ಮಾಡಿದ್ದು ನಾನು ನೋಡಿರಲಿಲ್ಲ.

ಸಂಜೆ ಮಳೆ ಇನ್ನೂ ಜಾಸ್ತಿಯಾಯಿತು. ಬಸ್ಸು ತಡ. ಜಗಲಿಯಲ್ಲಿ ಏಳೆಂಟು ಮಕ್ಕಳು ನಿಂತಿದ್ದರು, ಅವನೂ ಇದ್ದ. ಮೆಲ್ಲ ನನ್ನ ಹತ್ತಿರ ಬಂದು ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದ. ಒಳಗೆ ರೇಷನ್ ಕಾರ್ಡಿನ ಜೆರಾಕ್ಸ್. ಆಫೀಸಿಗೆ ಕೊಡಲು ಮಾವ ಕಳಿಸಿದ್ದಂತೆ, ಕೊಡುವುದು ಮರೆತಿದ್ದ. ಮಾವನ ಕಾರ್ಡಿಗೆ ಅಮ್ಮನ ಹೆಸರು, ಅವನ ಹೆಸರು ಹೊಸದಾಗಿ ಸೇರಿತ್ತು. ಸರಕಾರಿ ಅರ್ಜಿ ಹಾಕುವ ಅಕ್ಷಯ ಕೇಂದ್ರಕ್ಕೆ ಮಾವನೇ ಎರಡು ಸಲ ಓಡಾಡಿ ಮಾಡಿಸಿದ್ದು ಎಂದ.

"ಇದ್ರಲ್ಲಿ ನನ್ನ ಹೆಸರು ಯಾವುದು ಮಿಸ್?"

ಎಲ್ಲವೂ ಮಲಯಾಳದಲ್ಲಿತ್ತು. ತನ್ನ ಹೆಸರು ಈಗ ಒಂದು ಮನೆಯ ಪಟ್ಟಿಯಲ್ಲಿ ಉಂಟು ಎಂದು ಅವನಿಗೆ ಗೊತ್ತು. ಅದು ಯಾವ ಸಾಲು ಎಂದು ಗೊತ್ತಿಲ್ಲ.

ನನಗೆ ಒಂದು ಕ್ಷಣ ಮಾತು ಬರಲಿಲ್ಲ. ನಮ್ಮ ಊರಿನದ್ದೂ ಇದೇ ಕತೆ ತಾನೇ? ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು ಆಗಿದ್ದ ಕಾಸರಗೋಡು 1956ರ ನವೆಂಬರ್ 1ರಂದು ಕೇರಳದ ಪಟ್ಟಿಗೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಹೋಗಬೇಕು ಎಂದು ರಾಜ್ಯಗಳ ಗಡಿ ತಕರಾರು ವಿಚಾರಿಸಿದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು, ಅದು ಜಾರಿಗೆ ಬರಲಿಲ್ಲ. ನನ್ನ ಅಜ್ಜ ಕೊನೆಯವರೆಗೂ ಮಲಯಾಳದ ಒಂದು ಅಕ್ಷರ ಕಲಿಯಲಿಲ್ಲ. ಅದು ಅವರ ನೋವು, ನಾನು ಅದನ್ನು ಸಣ್ಣದು ಮಾಡಲಾರೆ. ಆಫೀಸಿನ ಕಾಗದ ಕನ್ನಡದಲ್ಲಿ ಬೇಕು ಎಂದು ಕೇಳುವುದನ್ನು ನಾನೂ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಹದಿಮೂರನೇ ವಯಸ್ಸಿನಲ್ಲಿ ನಾನು ಕುಂಬಳೆ ಪೇಟೆಯಲ್ಲಿ ನಿಂತು ಬಸ್ಸಿನ ಬೋರ್ಡು ನೋಡಿ ನೋಡಿ ಮಲಯಾಳ ಅಕ್ಷರ ಕಲಿತೆ, ಮನೆಯಲ್ಲಿ ಯಾರಿಗೂ ಹೇಳದೆ. ಅಪ್ಪನ ಊರಿಗೆ ದ್ರೋಹ ಮಾಡಿದ ಹಾಗೆ ಅನಿಸುತ್ತಿತ್ತು. ಕಲಿಯದಿದ್ದರೆ ಬಸ್ಸು ತಪ್ಪುತ್ತಿತ್ತು.

ಜೆರಾಕ್ಸನ್ನು ಜಗಲಿಯ ಕಟ್ಟೆಯ ಮೇಲೆ ಹರಡಿ ಅವನ ಹೆಸರಿನ ಕೆಳಗೆ ಬೆರಳಿಟ್ಟೆ. ಒಂದೊಂದೇ ಅಕ್ಷರ ಓದಿ ಹೇಳಿದೆ. ಅವನು ನೋಟು ಪುಸ್ತಕದ ಹಿಂದಿನ ಪುಟದಲ್ಲಿ ನೋಡಿಕೊಂಡು ಬರೆದ. ಹಾಳೆಯ ಮೇಲೆ ಎರಡು ಮಳೆ ಹನಿ ಬಿದ್ದವು, ತೋಳಿನಿಂದ ಒರೆಸಿದ.

"ಇನಿಶಿಯಲ್ ಇದ್ಯಾ ಮಿಸ್? ಅಪ್ಪನ್ದು?"

ನಾನು ಬಗ್ಗಿ ನೋಡಿದೆ. ಇಲ್ಲದಿದ್ದರೆ ಏನು ಹೇಳುವುದು ಎಂದು ಎದೆ ಹೊಡೆದುಕೊಂಡಿತು. ಹೆಸರಿನ ಕೊನೆಯಲ್ಲಿ ಸಣ್ಣದಾಗಿ ಇತ್ತು. 'ಎಂ'. ಮಲಯಾಳದ 'ಎ', ಅದರ ಪಕ್ಕ ಒಂದು ಸೊನ್ನೆ.

ಅವನು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದ.

"ಇದು ನಮ್ಮ ಸೊನ್ನೆನೇ ಅಲ್ವಾ? ಕನ್ನಡದ್ದೇ ಇದೆ!"

"ಹೌದು, ಅದು ಎರಡಕ್ಕೂ ಒಂದೇ" ಎಂದೆ.

ಅಷ್ಟರಲ್ಲಿ ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆಯಿತು. ಬೆಳಗ್ಗೆ ವಾದ ಮಾಡಿದ್ದ ಹುಡುಗಿ ಕೊಡೆ ಬಿಡಿಸಿ, "ಬಾ ಮಾರಾಯ, ಸೀಟು ಸಿಗ್ಲಿಕ್ಕಿಲ್ಲ" ಎಂದು ಕರೆದಳು. ಅವನು ಕಾಗದವನ್ನು ಕವರಿಗೆ ಹಾಕಿ, ಕವರನ್ನು ಅಂಗಿಯ ಒಳಗೆ ಸೇರಿಸಿಕೊಂಡು ಅವಳ ಕೊಡೆಯ ಕೆಳಗೆ ಓಡಿದ. ಆಫೀಸಿಗೆ ಕೊಡಬೇಕಾಗಿದ್ದ ಜೆರಾಕ್ಸ್ ಅವನ ಜೊತೆಯೇ ಹೋಯಿತು. ನಾಳೆ ತಂದರಾಯಿತು ಎಂದು ನಾನು ಕರೆಯಲಿಲ್ಲ.