ಕನ್ನಡ ವಿಕಿಪೀಡಿಯದ ಓದಿನ ಲೆಕ್ಕ: ಕ್ಲಿಕ್‌ಹೌಸ್ ಜೊತೆ ಪೈಥಾನ್‌ನಲ್ಲಿ ಮಾತುಕತೆ

ಕನ್ನಡ ವಿಕಿಪೀಡಿಯದಲ್ಲಿ ಜನ ಯಾವ ಹೊತ್ತಿನಲ್ಲಿ ಏನು ಓದುತ್ತಾರೆ ಅಂತ ಹುಡುಕುವ ನನ್ನ ಬಿಡುವಿನ ಕೆಲಸ ಈಗ ಪ್ರಶ್ನೆ ಕೇಳಿದರೆ ಉತ್ತರ ಕೊಡುವಷ್ಟು ಬೆಳೆದಿದೆ. ಬೇಕಾದ ಡೇಟಾ ಪುಕ್ಕಟೆ ಸಿಗುತ್ತದೆ. ವಿಕಿಮೀಡಿಯಾದವರು 2015ರ ಮೇ ತಿಂಗಳಿಂದ ಪುಟವೀಕ್ಷಣೆಯ ಲೆಕ್ಕವನ್ನು ಗಂಟೆಗೊಂದು ಫೈಲ್‌ನಂತೆ ಹೊರಗಿಡುತ್ತಿದ್ದಾರೆ. ಅಂದರೆ ದಿನಕ್ಕೆ 24 ಫೈಲ್. ಪ್ರತಿ ಸಾಲಿನಲ್ಲಿ ಯಾವ ವಿಕಿ, ಯಾವ ಪುಟ, ಎಷ್ಟು ವೀಕ್ಷಣೆ ಅನ್ನುವುದಿರುತ್ತದೆ. ಎಲ್ಲ ಭಾಷೆಗಳೂ ಒಂದೇ ಫೈಲ್‌ನಲ್ಲಿ ಇರುವುದರಿಂದ 'ಕೆಎನ್' ಮತ್ತು 'ಕೆಎನ್ ಡಾಟ್ ಎಂ' ಸಾಲುಗಳನ್ನು ಮಾತ್ರ ಉಳಿಸಿಕೊಂಡೆ. ಮೊದಲನೆಯದು ಡೆಸ್ಕ್‌ಟಾಪ್, ಎರಡನೆಯದು ಮೊಬೈಲ್.

ಡೇಟಾಬೇಸ್ ಕ್ಲಿಕ್‌ಹೌಸ್. ರಷ್ಯಾದ ಯಾಂಡೆಕ್ಸ್ ತನ್ನ ವೆಬ್ ಅನಾಲಿಟಿಕ್ಸ್ ಸೇವೆಗಾಗಿ ಕಟ್ಟಿಕೊಂಡು, 2016ರಲ್ಲಿ ಓಪನ್ ಸೋರ್ಸ್ ಮಾಡಿದ್ದು. ಇದು ಡೇಟಾವನ್ನು ಸಾಲಿನ ಬದಲು ಕಾಲಮ್ ಲೆಕ್ಕದಲ್ಲಿ ಜೋಡಿಸಿಡುತ್ತದೆ. ಒಟ್ಟು ವೀಕ್ಷಣೆ ಕೂಡಿಸು ಅಂದರೆ ವೀಕ್ಷಣೆಯ ಕಾಲಮ್ ಮಾತ್ರ ಓದುತ್ತದೆ, ಪುಟದ ಹೆಸರುಗಳ ತಂಟೆಗೇ ಹೋಗುವುದಿಲ್ಲ. ನನ್ನ ಹಳೇ ಲ್ಯಾಪ್‌ಟಾಪ್‌ಗೂ ಅದು ಭಾರ ಅನ್ನಿಸಲಿಲ್ಲ.

ಪೈಥಾನ್‌ನಿಂದ ಮಾತಾಡಲು ಎರಡು ಲೈಬ್ರರಿ ನೋಡಿದೆ. ಕ್ಲಿಕ್‌ಹೌಸ್-ಡ್ರೈವರ್ 9000ನೇ ಪೋರ್ಟ್‌ನಲ್ಲಿ ಡೇಟಾಬೇಸ್‌ನ ಸ್ವಂತ ಪ್ರೋಟೊಕಾಲ್ ಬಳಸುತ್ತದೆ. ಕ್ಲಿಕ್‌ಹೌಸ್-ಕನೆಕ್ಟ್ 8123ರಲ್ಲಿ ಎಚ್‌ಟಿಟಿಪಿ ಬಳಸುತ್ತದೆ. ಎರಡನೆಯದನ್ನೇ ಇಟ್ಟುಕೊಂಡೆ. ಪಾಂಡಾಸ್ (ಪೈಥಾನ್‌ನ ಡೇಟಾ ಲೈಬ್ರರಿ) ಟೇಬಲ್ ಆಗಿಯೇ ಉತ್ತರ ಕೊಡುತ್ತದೆ, ಏನಾದರೂ ಅನುಮಾನ ಬಂದರೆ ಅದೇ ಪೋರ್ಟ್‌ಗೆ ಕಮಾಂಡ್ ಲೈನ್‌ನ ಕರ್ಲ್‌ನಲ್ಲೂ ಕೇಳಿ ನೋಡಬಹುದು.

ತುಂಬುವ ಕೆಲಸದಲ್ಲಿ ಒಂದೇ ನಿಯಮ: ಚಿಲ್ಲರೆ ಇನ್ಸರ್ಟ್ (ಟೇಬಲ್‌ಗೆ ಸಾಲು ಸೇರಿಸುವುದು) ಬೇಡ. ಪ್ರತಿ ಇನ್ಸರ್ಟ್‌ಗೂ ಡಿಸ್ಕ್‌ನಲ್ಲಿ ಹೊಸ ತುಂಡು ಹುಟ್ಟುತ್ತದೆ, ಅವನ್ನೆಲ್ಲ ಹಿನ್ನೆಲೆಯಲ್ಲಿ ಒಟ್ಟುಗೂಡಿಸುವ ಕೆಲಸವೂ ಡೇಟಾಬೇಸ್‌ನದ್ದೇ. ಅದಕ್ಕೆ ಒಂದು ದಿನದ 24 ಫೈಲ್‌ಗಳ ಕನ್ನಡ ಸಾಲುಗಳನ್ನು ಸೇರಿಸಿ ಒಂದೇ ಸಲ ಕಳಿಸುತ್ತೇನೆ. ಹಲವು ಥ್ರೆಡ್‌ಗಳಲ್ಲಿ, ಅಂದರೆ ಒಟ್ಟೊಟ್ಟಿಗೆ, ಲೋಡ್ ಮಾಡುವವರು ಇನ್ನೊಂದು ವಿಷಯ ಗಮನಿಸಿ. ಕ್ಲಿಕ್‌ಹೌಸ್-ಕನೆಕ್ಟ್ ತಾನು ಮಾಡುವ ಪ್ರತಿ ಕ್ಲೈಂಟ್‌ಗೂ (ಡೇಟಾಬೇಸ್ ಜೊತೆಗಿನ ಸಂಪರ್ಕ) ತಾನೇ ಒಂದು ಸೆಷನ್ ಐಡಿ ಹಾಕುತ್ತದೆ. ಒಂದು ಸೆಷನ್‌ನಲ್ಲಿ ಒಂದು ಹೊತ್ತಿಗೆ ಒಂದೇ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ). ಥ್ರೆಡ್‌ಗೊಂದು ಕ್ಲೈಂಟ್ ಮಾಡಿ, ಇಲ್ಲವೇ ಐಡಿ ತಾನಾಗಿ ಹಾಕುವ ಆ ಸೆಟ್ಟಿಂಗ್ ಆಫ್ ಮಾಡಿ.

ಕ್ವೆರಿಯೊಳಗೆ ಪುಟದ ಹೆಸರನ್ನು ಸ್ಟ್ರಿಂಗ್ ಜೋಡಿಸಿ ತೂರಿಸುವುದು ನನಗೆ ಹಿಡಿಸುವುದಿಲ್ಲ. ಹೆಸರಿನಲ್ಲೇ ಒಂದು ಕೋಟ್ ಗುರುತು ಇದ್ದರೆ ಕಥೆ ಮುಗಿಯಿತು. ಕರ್ಲಿ ಬ್ರಾಕೆಟ್ ಒಳಗೆ ಪ್ಯಾರಾಮೀಟರ್‌ನ ಹೆಸರು, ಕೋಲನ್, ಅದರ ಟೈಪ್ ಬರೆದು ಅದರ ಮೌಲ್ಯವನ್ನು ಬೇರೆ ಪೈಥಾನ್ ಡಿಕ್ಷನರಿಯಲ್ಲಿ ಕೊಟ್ಟರೆ ಉಳಿದದ್ದನ್ನು ಸರ್ವರ್ ನೋಡಿಕೊಳ್ಳುತ್ತದೆ.

ಇನ್ನು ಕನ್ನಡದ್ದೇ ಆದ ತಲೆನೋವು. ಕ್ಲಿಕ್‌ಹೌಸ್‌ನ ಲೆಂಗ್ತ್ ಫಂಕ್ಷನ್‌ಗೆ 'ಕನ್ನಡ' ಕೊಟ್ಟರೆ 15 ಅನ್ನುತ್ತದೆ, ಅದು ಬೈಟ್ ಲೆಕ್ಕ. ಯುಟಿಎಫ್8 ಲೆಂಗ್ತ್ ಕೇಳಿದರೆ 5, ಅದು ಯುನಿಕೋಡ್ ಚಿಹ್ನೆಗಳ ಲೆಕ್ಕ. ನಾವು ಎಣಿಸುವ ಮೂರು ಅಕ್ಷರ ಎಲ್ಲೂ ಇಲ್ಲ! ಇದಾದರೂ ಸುಮ್ನೆ ತಮಾಷೆ. ನಿಜವಾದ ತೊಂದರೆ ಝಡ್‌ಡಬ್ಲ್ಯೂಎನ್‌ಜೆ, ಅಂದರೆ ಒತ್ತಕ್ಷರ ಆಗದಂತೆ ತಡೆಯುವ, ಕಣ್ಣಿಗೆ ಕಾಣದ ಆ ಅಕ್ಷರ. 'ರಾಜ್‌ಕುಮಾರ್' ಮತ್ತು 'ರಾಜ್ಕುಮಾರ್' ಓದುವವರಿಗೆ ಒಂದೇ, ಒಂದೇ ಹೆಸರಿನ ಸಾಲುಗಳನ್ನು ಗುಂಪು ಮಾಡುವ ಗ್ರೂಪ್ ಬೈಗೆ ಎರಡು. ಈ ವೀಕ್ಷಣೆ ಲೆಕ್ಕದಲ್ಲಿ ರಿಡೈರೆಕ್ಟ್ ಪುಟಗಳೂ (ಓದುಗರನ್ನು ಇನ್ನೊಂದು ಪುಟಕ್ಕೆ ಕಳಿಸುವ ಪುಟಗಳು) ಬೇರೆ ಬೇರೆಯಾಗಿಯೇ ಬರುವುದರಿಂದ ಒಬ್ಬರದೇ ಲೆಕ್ಕ ಹಂಚಿಹೋಗುತ್ತದೆ.

ಇದನ್ನು ಪೈಥಾನ್‌ನಲ್ಲಿ ಸರಿಮಾಡಬಹುದು. ಆದರೆ ಆಗ ಎಲ್ಲ ಸಾಲುಗಳನ್ನೂ ಈಚೆಗೆ ಎಳೆದು ತರಬೇಕು. ಅಷ್ಟಕ್ಕೆ ಕ್ಲಿಕ್‌ಹೌಸ್ ಯಾಕೆ ಬೇಕಿತ್ತು, ಅಲ್ವಾ? ಅದಕ್ಕೆ ಟೇಬಲ್‌ನಲ್ಲೇ ಇನ್ನೊಂದು ಕಾಲಮ್ ಇಟ್ಟೆ, ಮೆಟೀರಿಯಲೈಸ್ಡ್ ಅಂತ. ಆ ಕಾಣದ ಅಕ್ಷರ ತೆಗೆದ ಹೆಸರನ್ನು ಇನ್ಸರ್ಟ್ ಆಗುವಾಗ ಡೇಟಾಬೇಸೇ ಅಲ್ಲಿ ತುಂಬಿಕೊಳ್ಳುತ್ತದೆ. ಇನ್ಸರ್ಟ್ ಮಾಡುವಾಗ ಆ ಕಾಲಮ್‌ನ ಹೆಸರು ಮಾತ್ರ ಕೊಡಬಾರದು. ಈಗ ಗುಂಪು ಮಾಡುವುದು, ಕೂಡಿಸುವುದು, ಮೇಲಿನ 20 ಆರಿಸುವುದು ಎಲ್ಲ ಅಲ್ಲೇ. ಪೈಥಾನ್‌ಗೆ ಬರುವುದು 20 ಸಾಲು. ಪಾಂಡಾಸ್‌ಗೆ ಗ್ರಾಫ್ ಎಳೆಯುವುದು ಬಿಟ್ಟರೆ ಕೆಲಸವಿಲ್ಲ.

ಗಂಟೆಯ ವಿಷಯದಲ್ಲಿ ಪೂರ್ತಿ ಸಮಾಧಾನ ಸಿಗುವುದಿಲ್ಲ. ಫೈಲ್‌ಗಳು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಲೆಕ್ಕದಲ್ಲಿವೆ. ನಮ್ಮದು ಐದೂವರೆ ಗಂಟೆ ಮುಂದೆ. ಏಷ್ಯಾ/ಕೋಲ್ಕತಾ ವಲಯಕ್ಕೆ ತಿರುಗಿಸಿದರೂ ಪ್ರತಿ ಗಂಟೆಯ ಡಬ್ಬಿ ಅರ್ಧದಿಂದ ಅರ್ಧಕ್ಕೆ ಇರುತ್ತದೆ: 5:30ರಿಂದ 6:30, 6:30ರಿಂದ 7:30 ಹೀಗೆ. ಸರಿಯಾಗಿ ಮಧ್ಯರಾತ್ರಿಗೆ ದಿನ ಕತ್ತರಿಸಲು ಆಗುವುದೇ ಇಲ್ಲ. ನವೆಂಬರ್ 1ರಂತಹ ದಿನವನ್ನು ಅಕ್ಕಪಕ್ಕದ ದಿನಗಳ ಜೊತೆ ಹೋಲಿಸುವಾಗ ಈ ಅರ್ಧ ಗಂಟೆಯ ಅಂಚನ್ನು ಗ್ರಾಫ್ ಕೆಳಗೆ ಬರೆಯುತ್ತಿದ್ದೇನೆ.

ಮುಂದಿನದು ರಿಡೈರೆಕ್ಟ್. ಕನ್ನಡ ವಿಕಿಯ ರಿಡೈರೆಕ್ಟ್ ಟೇಬಲ್‌ನ ಡಂಪ್ ಬೇರೆಯಾಗಿ ಸಿಗುತ್ತದೆ. ಅದನ್ನು ಕ್ಲಿಕ್‌ಹೌಸ್‌ನದ್ದೇ ಡಿಕ್ಷನರಿಯಾಗಿ (ಹುಡುಕು ಪಟ್ಟಿ) ಹಾಕುವುದೋ, ಎರಡು ಟೇಬಲ್ ಜೋಡಿಸುವ ಸಾದಾ ಜಾಯಿನ್ ಸಾಕೋ ಅಂತ ಎರಡನ್ನೂ ಓಡಿಸಿ ನೋಡಬೇಕು.