ಈ ಸಲ ಮಣ್ಣೆತ್ತನ್ನು ಮಕ್ಕಳೇ ಮಾಡಲಿ

ಮಣ್ಣೆತ್ತಿನ ಅಮಾವಾಸ್ಯೆ ಗೊತ್ತಿಲ್ಲದವರಿಗೆ ಮೊದಲು ಅದನ್ನು ಹೇಳಿಬಿಡುತ್ತೇನೆ. ಕಾರಹುಣ್ಣಿಮೆ ಆದ ಹದಿನೈದು ದಿನಕ್ಕೆ, ಜ್ಯೇಷ್ಠ ಮಾಸದ ಕೊನೆಗೆ ಬರುವ ಅಮಾವಾಸ್ಯೆ ಇದು. 2025ರಲ್ಲಿ ಜೂನ್ 25ಕ್ಕೆ ಬಂದಿತ್ತು. ಕಾರಹುಣ್ಣಿಮೆಗೆ ಕೊಟ್ಟಿಗೆಯ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಕರಿ ಹರಿಯುತ್ತಾರೆ, ಅಂದರೆ ಎತ್ತುಗಳನ್ನು ಓಡಿಸಿ ಅಡ್ಡ ಕಟ್ಟಿದ ತೋರಣ ಹರಿಸುತ್ತಾರೆ. ಅಮಾವಾಸ್ಯೆಗೆ ಮಣ್ಣಿನ ಜೋಡೆತ್ತು ಮಾಡಿ, ದೇವರ ಜಗಲಿ ಮೇಲಿಟ್ಟು, ಹೋಳಿಗೆ ಕಡುಬು ಎಡೆ ಹಿಡಿಯುತ್ತಾರೆ. ನಮ್ಮ ಉತ್ತರ ಕರ್ನಾಟಕದ ಮಣ್ಣಿನ ಪೂಜೆಗಳು ಇಲ್ಲಿಂದಲೇ ಶುರು. ಆಷಾಢದ ಮಂಗಳವಾರ ಗುಳ್ಳವ್ವ, ಪಂಚಮಿಗೆ ನಾಗಪ್ಪ, ಚೌತಿಗೆ ಗಣಪ, ಆಮೇಲೆ ಜೋಕುಮಾರ.

ಈಗ ಸಂತೆಯಲ್ಲಿ ಬಣ್ಣ ಬಳಿದ ಎತ್ತು ಸಿಗುತ್ತವೆ, ತಂದು ಇಟ್ಟರೆ ಪೂಜೆ ಮುಗಿಯಿತು. ಕುಂಬಾರರ ಮನೆಯಿಂದ ತರೋದು ಹಳೆಯ ಪದ್ಧತಿಯೇ, ತಪ್ಪಿಲ್ಲ. ಆದರೆ ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ದಯವಿಟ್ಟು ಒಂದು ಜೋಡಿಯಾದರೂ ಅವರ ಕೈಯಿಂದ ಮಾಡಿಸಿ. ಮಕ್ಕಳಿಗೆ ನಾವು "ಥ್ಯಾಂಕ್ಯೂ ಹೇಳು" ಅಂತ ದಿನಾ ಕಲಿಸುತ್ತೇವೆ. ಅವರೂ ಹೇಳುತ್ತಾರೆ, ಹೇಳಿ ಮರೆಯುತ್ತಾರೆ. ಅದೇ ಮಗು ಒಂದು ಎತ್ತಿನ ಇಣಿ (ಬೆನ್ನ ಮೇಲಿನ ಡುಬ್ಬ) ನಿಲ್ಲಿಸೋಕೆ, ಕಾಲು ಮುರಿಯದಂತೆ ಕೂರಿಸೋಕೆ ಅರ್ಧ ದಿನ ಒದ್ದಾಡಿದಾಗ, ಆ ಎತ್ತು ಏನು ಕೆಲಸ ಮಾಡುತ್ತೆ, ಯಾಕೆ ಪೂಜೆ ಅಂತ ತಾನಾಗಿಯೇ ಕೇಳುತ್ತದೆ. ಆಗ ಹೇಳಿದ ಮಾತು ಮನಸ್ಸಿನಲ್ಲಿ ಉಳಿಯುತ್ತದೆ.

ನನ್ನ ಮಗ ಕೇಳಿದ್ದು ಬೇರೆಯೇ ಪ್ರಶ್ನೆ. ಊರಲ್ಲಿ ಈಗ ಟ್ರ್ಯಾಕ್ಟರ್ ತಾನೇ ಉಳುತ್ತೆ, ಮತ್ತೆ ಎತ್ತು ಯಾಕೆ? ನಾನು ಉತ್ತರ ಹುಡುಕುತ್ತಿದ್ದೆ, ನಮ್ಮ ಆಯಿ ತಡಮಾಡಲಿಲ್ಲ. "ಟ್ರ್ಯಾಕ್ಟರೂ ಮಾಡಪಾ, ಅದೂ ದುಡೀತೈತಿ. ಆದ್ರ ಎತ್ತಿನ ಬಾಜೂಕ ಇಡು, ಅದು ಮದಲ ದುಡದೈತಿ." ಹಾಗಾಗಿ ನಮ್ಮ ಜಗಲಿ ಮೇಲೆ ಎತ್ತಿನ ಪಕ್ಕ ಒಂದು ಟ್ರ್ಯಾಕ್ಟರೂ ಇತ್ತು. ಅದಕ್ಕೂ ಕುಂಕುಮ ಹಚ್ಚಿದೆವು.

ಅಲ್ಲಿಂದಲೇ ಬೆಂಗಳೂರಿನ ನಮ್ಮ ಮನೆಯಲ್ಲಿ ಒಂದು ಹೊಸ ರೂಢಿ ಬಂತು. ಜೋಡೆತ್ತು, ಮುಂದೆ ಮೇವಿನ ಗ್ವಾದಲಿ, ಇಷ್ಟು ಆದ ಮೇಲೆ ಉಳಿದ ಮಣ್ಣಲ್ಲಿ ಪ್ರತಿ ಮಗುವೂ ತನಗಾಗಿ ದುಡಿಯುವ ಯಾರದ್ದಾದರೂ ಒಂದು ವಸ್ತು ಮಾಡಬೇಕು. ಯಾರು ಅಂತ ನಾವು ಹೇಳಬಾರದು, ಅವರೇ ಯೋಚಿಸಬೇಕು. ಮಗಳು ಕಸದ ಆಟೋ ಮಾಡಿದಳು. ಪಕ್ಕದ ಮನೆ ಹುಡುಗ ಗ್ಯಾಸ್ ಸಿಲಿಂಡರ್ ಮಾಡಿದ, ಮೂರನೇ ಮಹಡಿಗೆ ಹೆಗಲ ಮೇಲೆ ಹೊತ್ತು ತರುವ ಅಣ್ಣನಿಗೆ. ಮಣ್ಣು ಒಣಗಿದ ಮೇಲೆ ಅವರವರಿಗೇ ಕೊಡಬೇಕು, ಇದು ಮುಖ್ಯ, ಶೋಕೇಸಿನಲ್ಲಿ ಇಡೋದಲ್ಲ. ಕಸದ ಗಾಡಿಯ ಅಕ್ಕ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ನನ್ ಗಾಡೀನಾ ಇದು?" ಅಂತ ಕೇಳಿ, ಗಾಡಿಯ ಮುಂದಿನ ಗಾಜಿನ ಹತ್ತಿರ ಇಟ್ಟುಕೊಂಡರು. ಮಗಳು ಅವತ್ತಿನಿಂದ ಹಸಿ ಕಸ ಒಣ ಕಸ ತಾನೇ ಬೇರೆ ಮಾಡಿ ತಂದುಕೊಡುತ್ತಾಳೆ. ನಾನು ಹೇಳಿಕೊಟ್ಟದ್ದಲ್ಲ.

ಮಾಡೋದು ಹೇಗೆ? ಊರಲ್ಲಾದರೆ ಕೆರೆ ಮಣ್ಣು, ಎರೆ ಮಣ್ಣು ಇದ್ದೇ ಇದೆ. ಬೆಂಗಳೂರಲ್ಲಿ ಪಾಟರಿ ಟೌನಿನ ಕುಂಬಾರರ ಹತ್ತಿರ ಕೇಳಿ ನೋಡಿ. ಕಲ್ಲು, ಬೇರು ತೆಗೆದು, ನೀರು ಚಿಮುಕಿಸುತ್ತಾ ರೊಟ್ಟಿ ಹಿಟ್ಟಿನಂತೆ ಚೆನ್ನಾಗಿ ನಾದಬೇಕು. ಈ ನಾದುವ ಕೆಲಸವನ್ನೂ ಮಕ್ಕಳಿಗೇ ಬಿಡಿ, ಅವರಿಗೆ ಅದೇ ಜಾಸ್ತಿ ಇಷ್ಟ. ಕಾಲಿನೊಳಗೆ ಕಸಬರಿಗೆ ಕಡ್ಡಿಯ ತುಂಡು ಇಟ್ಟರೆ ಭಾರ ತಡೆಯುತ್ತದೆ. ಕೋಡು, ಇಣಿ, ಕಿವಿ ಅಂಟಿಸುವಾಗ ಸುಮ್ನೆ ಒತ್ತಿದರೆ ಒಣಗಿದಾಗ ಕಳಚುತ್ತವೆ. ಎರಡೂ ಕಡೆ ಸ್ವಲ್ಪ ಗೀರಿ, ತೆಳ್ಳಗೆ ಕಲಸಿದ ಮಣ್ಣು ಸವರಿ ಕೂರಿಸಿ. ಬಿಸಿಲಿಗೆ ಇಡಬೇಡಿ, ಬಿರುಕು ಬಿಡುತ್ತದೆ, ನೆರಳಲ್ಲೇ ಒಣಗಲಿ. ಕಣ್ಣಿಗೆ ಗುಲಗಂಜಿ ಹಚ್ಚುವ ರೂಢಿ ಕೆಲವು ಕಡೆ ಇದೆ, ನೋಡೋಕೂ ಚಂದ. ಆದರೆ ಗುಲಗಂಜಿ ಬೀಜ ವಿಷ, ಸಣ್ಣ ಮಕ್ಕಳ ಕೈಗೆ ಖಂಡಿತ ಕೊಡಬೇಡಿ. ಜೋಳದ ಕಾಳು ಇಲ್ಲವೇ ಮೆಣಸಿನ ಕಾಳು ಸಾಕು. ಬಣ್ಣ ಬೇಕೆಂದರೆ ಅರಿಸಿನ, ಕುಂಕುಮ, ಸುಣ್ಣ ಇದೆಯಲ್ಲ, ಪೇಂಟ್ ಯಾಕೆ?

ಊರಲ್ಲಿ ಮರುದಿನ ಮಕ್ಕಳು ಕಾಲು ಮುರಿದ ಎತ್ತು ಹಿಡಿದು, ಹಾಡು ಹೇಳುತ್ತಾ ಮನೆ ಮನೆಗೆ ಹೋಗಿ ಜೋಳ ಕೇಳುತ್ತಾರೆ. ಅಪಾರ್ಟ್‌ಮೆಂಟಿನಲ್ಲೂ ಕಳಿಸಿ ನೋಡಿ, ಹಿರಿಯರು ಎಷ್ಟು ಖುಷಿಯಿಂದ ಬಾಗಿಲು ತೆಗೆಯುತ್ತಾರೆ ಅಂತ. ಎತ್ತುಗಳನ್ನು ಬಕೆಟ್ ನೀರಲ್ಲಿ ಕರಗಿಸಿ ಗಿಡದ ಬುಡಕ್ಕೆ ಹಾಕಿ. ಬಳಸದೆ ಉಳಿದ ಮಣ್ಣನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಮುಚ್ಚಳದ ಡಬ್ಬಿಯಲ್ಲಿ ಇಡಿ. ಪಂಚಮಿಗೆ ನಾಗಪ್ಪನನ್ನು ಮಾಡೋಕೆ ಬೇಕಾಗುತ್ತದೆ.